ಜೊಂಡಿನ ಕೊಳದ ಫಲಕವನ್ನು ಮದುವೆಯವರೆಗೆ ತಡೆಹಿಡಿಯುವ ಬಗ್ಗೆ

ಇಂದ,
ಅನ್ಯೋಸಿಸ್ಯೆ ಮ್ವಾಯಿಪೋಪೊ,
ಜೊಂಡಿನ ಕೊಳದ ಕಾವಲುಗಾರ,
ಬಾಲಕಿಯರ ವಸತಿ ಶಾಲೆ, ಟುಕುಯು.

ಗೆ,
ಅಧಿಕಾರಿಗಳು, ಕೊಳಚೆ ನೀರು ವಿಭಾಗ.

ವಿಷಯ: “ಇದು ಶೌಚಾಲಯದಿಂದ ಬಂದು ಶುದ್ಧವಾದ ನೀರು” ಎಂಬ ಫಲಕ ನೆಡಲು ಎರಡು ವಾರ ಕಾಲಾವಕಾಶ ಕೋರಿ.
ಉಲ್ಲೇಖ: ತಮ್ಮ ಜ್ಞಾಪನ, ಮತ್ತು ಅದನ್ನು ಓದಿ ನನಗೆ ಬಂದ ಜ್ವರ.

ಮಾನ್ಯರೇ,

೧. ಆರುನೂರು ಹುಡುಗಿಯರ ಸ್ನಾನ-ಶೌಚದ ನೀರು ತೊಟ್ಟಿಯಲ್ಲಿ ತಂಗಿ, ಜಲ್ಲಿ-ಜೊಂಡಿನ ನಡುವೆ ಸೋಸಿಕೊಂಡು, ಕೊನೆಯ ಕೊಳಕ್ಕೆ ತಿಳಿಯಾಗಿ ಬಂದು, ಬಾಳೆತೋಟ ಸೇರುವುದು ತಮಗೆ ತಿಳಿದಿದೆ. ನಾನು ಸೆಕೇಲಾಳನ್ನು ಮದುವೆಯಾಗಬಯಸಿರುವುದು ತಮಗೆ ತಿಳಿದಿಲ್ಲ.

೨. ಆಕೆಯ ತಾಯಿ ಮೂರು ವರ್ಷ ಒಪ್ಪಲಿಲ್ಲ. “ಕಕ್ಕಸಿನ ಹೊಂಡ ಕಾಯೋನಿಗೆ ನನ್ನ ಮಗಳಾ? ಅವನು ಕೈ ಚಾಚಿದ್ರೂ ಮುಟ್ಟಲ್ಲ ಕಣ್ರೀ!” ಎಂದು ಸಂತೆಯಲ್ಲಿ ಬಾಳೆಗೊನೆ ಮಾರುತ್ತಾ ಸಾರುತ್ತಿದ್ದರು.

೩. ಹೀಗಿರಲಾಗಿ, ಕಳೆದ ಭಾನುವಾರ ಹೊಳೆ ಕೆಸರಾಗಿದ್ದ ಕಾರಣ, ಗೇಟು ತೆರೆದಿದ್ದ ಕಾರಣ, ನಾನು ಊಟಕ್ಕೆ ಹೋಗಿದ್ದ ಕಾರಣ, ಪಾಸ್ಟರ್ ಮ್ವಾಕಟೋಬೆಯವರು ಮೂವತ್ತೊಂದು ಜನರನ್ನು ಬಿಳಿ ನಿಲುವಂಗಿಯಲ್ಲಿ ಕರೆತಂದು ನಮ್ಮ ಕೊನೆಯ ಕೊಳದಲ್ಲಿ ದೀಕ್ಷಾಸ್ನಾನ ಮಾಡಿಸತೊಡಗಿದರು. ನಾನು ಓಡಿಬಂದಾಗ ಮೂವತ್ತು ಜನ ಮುಗಿದಿದ್ದರು. ಉಳಿದವರು ಸೆಕೇಲಾಳ ತಾಯಿ.

“ಪಾಸ್ಟರೇ, ನಿಲ್ಲಿ! ಈ ನೀರು—”

“ಗೊತ್ತು ಮಗಾ, ತಣ್ಣಗಿದೆ,” ಎಂದು ಮುಳುಗಿಸಿಯೇಬಿಟ್ಟರು.

೪. ಮೇಲೆದ್ದ ತಾಯಿಯವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. “ನೀನು ಕಾಯೋದು ಇದನ್ನಾ? ಕನ್ನಡಿ ಇದ್ದಂಗಿದೆ! ಕಕ್ಕಸು ಅಂತ ಸುಳ್ಳು ಹಬ್ಬಿಸಿದ್ದು ಯಾವನೋ?” ಎಂದು ಎಲ್ಲರೆದುರು ನನ್ನ ಕೈ ಹಿಡಿದರು. ಮೂರು ವರ್ಷ ಕಾದಿದ್ದ ಕೈ, ಮಾನ್ಯರೇ.

ಜೊಂಡಿನ ಮರೆಯಲ್ಲಿ ಸೆಕೇಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. “ಈಗ ಬಾಯಿ ಬಿಟ್ಯೋ, ಬೇರೆಯವನ್ನ ನೋಡ್ಕೋತೀನಿ,” ಎಂದು ಪಿಸುಗುಟ್ಟಿದಳು. ಆದ್ದರಿಂದ ಬಿಡಲಿಲ್ಲ.

೫. ಆದರೂ ಭಾವೀ ಅತ್ತೆಯವರು ಕ್ಯಾನು ತುಂಬಿಸಿಕೊಂಡು ಹೊರಟಾಗ ಸುಮ್ಮನಿರಲಾಗಲಿಲ್ಲ. “ಕುಡಿಯೋಕಲ್ಲ ಅಮ್ಮಾ, ಇದು ಬಾಳೆಗೆ,” ಎಂದು ಕಸಿದು ಚೆಲ್ಲಿದೆ. “ತೋಟದ ಮೇಲೆ ಏನು ಕಾಳಜಿ!” ಎಂದು ಅಲ್ಲೇ ದಿನ ಗೊತ್ತುಮಾಡಿದರು: ಬರುವ ಶನಿವಾರ ಬಿಟ್ಟು ಮುಂದಿನದು.

ಆದ್ದರಿಂದ ಫಲಕವನ್ನು ಅಂದಿನವರೆಗೆ ತಡೆಹಿಡಿಯಬೇಕೆಂದು ಪ್ರಾರ್ಥನೆ. ಮದುವೆಯ ಮರುದಿನ ನಾನೇ ನೆಟ್ಟು, ಅತ್ತೆಯವರಿಗೆ ಓದಿ ಹೇಳಿ, ಬೈಗುಳ ತಿನ್ನುತ್ತೇನೆ. ಗೇಟಿಗೆ ಬೀಗ ಹಾಕಿದ್ದೇನೆ.

ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುವ ತಮ್ಮ ವಿಶ್ವಾಸಿ,
ಅ. ಮ್ವಾಯಿಪೋಪೊ

ಲಗತ್ತು: ನೀರಿನ ಪರೀಕ್ಷಾ ವರದಿ, ಮದುವೆಯ ಕರೆಯೋಲೆ.

ವಿ.ಸೂ.: ತಾವು ಕುಟುಂಬ ಸಮೇತ ಬರಬೇಕು. ಕಕ್ಕಸು ಟ್ಯಾಂಕರಿನಲ್ಲಿ ಬರಬಾರದು.