ಅಂಬಣ್ಣಜ್ಜನ ಹರಿದ ಕಿವಿ

ಯಮನೂರನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಹುಡುಗಿಯ ಮನಸ್ಸೂ ಅಲ್ಲ. ಒಂದು ಹಳೆಯ ಫೋಟೋದ ಗಾಜಿನ ಮೇಲೆ ಬಿದ್ದ ಅಂಗೈ ಅಗಲದ ಬೆಳಕು.

ಕಾರಟಗಿಯ ಬಸ್ ನಿಲ್ದಾಣದ ಹಿಂದೆ ‘ಗ್ಯಾನಪ್ಪ ಫೋಟೋ ಸ್ಟುಡಿಯೋ’ ಇದೆ. ಅಪ್ಪ ಗ್ಯಾನಪ್ಪ ತೀರಿಕೊಂಡ ಮೇಲೆ ಅದರ ಮಾಲೀಕ, ಫೋಟೋಗ್ರಾಫರ್, ಕಸ ಗುಡಿಸುವವ ಎಲ್ಲವೂ ಯಮನೂರನೇ. ವಯಸ್ಸು ಮೂವತ್ತೆರಡು. ಊರಿನ ಅರ್ಧ ಮದುವೆಗಳಲ್ಲಿ “ಸ್ವಲ್ಪ ಹತ್ರ ನಿಂದ್ರಿ” ಎಂದು ಬೇರೆಯವರಿಗೆ ಹೇಳಿ ಗಂಟಲು ಒಣಗಿಸಿಕೊಂಡವನಿಗೆ, ಹತ್ತಿರ ನಿಲ್ಲುವವರು ಮಾತ್ರ ಯಾರೂ ಸಿಕ್ಕಿರಲಿಲ್ಲ. “ಎಲ್ಲಾರ ಕೈಯಾಗೂ ಮೊಬೈಲ್ ಐತಿ, ಇವನ ಅಂಗಡಿಗೆ ಹೋಗೋರು ಯಾರು?” ಎಂದು ಒಂಬತ್ತು ಮಂದಿ ಹೆಣ್ಣಿನ ಅಪ್ಪಂದಿರು ಕೈ ತೊಳೆದುಕೊಂಡಿದ್ದರು.

ಹತ್ತನೆಯದು ಸಿದ್ದಾಪುರದ ಹನಮಪ್ಪನ ಮಗಳು ಹುಲಿಗೆಮ್ಮ. ರೈಸ್ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಹೆಣ್ಣು ನೋಡಲು ಹೋದ ದಿನ ಚಹಾ ಕೊಡುತ್ತ, “ನಿಮ್ಮ ಫೋಟೋದಾಗ ಮಂದಿ ಇದ್ದದ್ದಕ್ಕಿಂತ ಛಲೋ ಕಾಣ್ತಾರಂತ, ಖರೇನ್ರಿ?” ಎಂದು ಕೇಳಿ ನಕ್ಕಳು. ಯಮನೂರ ಆ ನಗುವಿಗೆ ಅಲ್ಲೇ ಬಿದ್ದ. ಬೆಡಗು ವಿಚಾರಿಸಿದರು. ಒಂದೇ ಬೆಡಗಾದರೆ ಅಣ್ಣ ತಂಗಿಯ ಲೆಕ್ಕ, ಮದುವೆ ಕೂಡದು. ಇವರದು ಬೇರೆ ಬೇರೆ. ಇನ್ನೇನು ಮಾತು ಮುಗಿಯಿತು ಅನ್ನುವಾಗ ಹುಡುಗಿಯ ಅಜ್ಜಿ ಮಾಳವ್ವ ಬಾಗಿಲಿನ ಎದುರು ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಹೊಗೆ ಹಿಡಿದ ಒಂದು ಫೋಟೋ ತೂಗುತ್ತಿತ್ತು.

“ಅವ್ರು ನಮ್ಮ ಯಜಮಾನ್ರು. ಹ್ವಾದ ತಿಂಗಳ ಕಣ್ಣಿನ ಪರಿ ತಗಸೀನಿ. ಊರೆಲ್ಲಾ ಚೊಕ್ಕ ಕಾಣ್ತೈತಿ, ಅವ್ರ ಮುಖ ಒಂದ ಕಾಣವಲ್ದು. ಬಾಗಲದ ಬೆಳಕು ಗಾಜಿಗೆ ಹೊಡೀತೈತಿ. ನೀ ಅದನ್ನ ಚೊಕ್ಕ ಮಾಡಿ, ದೊಡ್ಡದು ಮಾಡ್ಕೊಂಡು ಹಿರೇರ ಹಬ್ಬಕ್ಕ ತಗೊಂಡು ಬಾ. ಅವ್ರ ಮುಂದನ ಎಲಿ ಅಡಿಕಿ ಹಿಡಿಯೋಣು.”

“ಅದಕೇನ್ರಿ ಅಜ್ಜಿ, ಫೋಟೋ ಇಳಿಸಿ ಕೊಡ್ರಿ” ಎಂದ ಯಮನೂರ.

“ಹಿರೇರನ್ನ ಹಬ್ಬದ ದಿನಾ ಅಷ್ಟ ಇಳಸೋದು” ಎಂದಳು ಮಾಳವ್ವ.

ಹೀಗಾಗಿ ಅವನು ಸ್ಟೂಲು ಹತ್ತಿ, ಗೋಡೆಯ ಮೇಲಿದ್ದ ಹಾಗೆಯೇ ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದ. ಗಾಜಿನಲ್ಲಿ ಬಾಗಿಲೂ ಬಂತು, ಬಾಗಿಲಿನ ಬೆಳಕೂ ಬಂತು, ಮೊಬೈಲು ಹಿಡಿದ ಯಮನೂರನ ಮುಖವೂ ದೆವ್ವದ ಹಾಗೆ ತೇಲಿಕೊಂಡು ಬಂತು. ಅಜ್ಜ ಮಾತ್ರ ಬರಲಿಲ್ಲ.

ಅಂಗಡಿಗೆ ಬಂದು ಅದನ್ನು ಎಐಗೆ ಕೊಟ್ಟು, ಗಾಜಿನ ಬೆಳಕು ತೆಗೆ ಎಂದ. ಮೊದಲ ಸಲ ಬೆಳಕಿನ ಜೊತೆ ಅಜ್ಜನ ಮೀಸೆಯೂ ಹೋಯಿತು. ಎರಡನೆಯ ಸಲ ಮೀಸೆ ಬಂತು, ಜೊತೆಗೆ ಮೂವತ್ತೆರಡು ಬಿಳಿ ಹಲ್ಲೂ ಬಂದವು. ಆ ಕಾಲದಲ್ಲಿ ಫೋಟೋಕ್ಕೆ ಹಲ್ಲು ಬಿಡುವುದೆಂದರೆ ಮನೆತನದ ಮರ್ಯಾದೆ ಬಿಟ್ಟ ಹಾಗೆ. ಮೂರನೆಯ ಸಲ ರುಮಾಲು, ಮೀಸೆ, ಮುಚ್ಚಿದ ಬಾಯಿ, ಎರಡು ಕಿವಿ ಎಲ್ಲವೂ ಇದ್ದಲ್ಲೇ ಇದ್ದ ಗಂಭೀರ ತರುಣನೊಬ್ಬ ಕಾಣಿಸಿಕೊಂಡ. ಯಮನೂರ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ.

ಹಬ್ಬದ ಬೆಳಿಗ್ಗೆ ತಾಯಿ ಅಮರಮ್ಮ ಮನೆಯಲ್ಲಿ ಬೇಗನೆ ಎಡೆ ಇಟ್ಟಳು. ಯಮನೂರ ತನ್ನ ಅಜ್ಜನ ಫೋಟೋದ ಮುಂದೆ ಅಡ್ಡಬಿದ್ದು, “ಅಜ್ಜಾ, ಇವತ್ತರ ಕಣ್ಣು ತಗಿ. ಹುಲಿಗೆಮ್ಮನ್ನ ಈ ಮನಿಗೆ ಸೊಸಿ ಮಾಡು” ಎಂದು ಬೇಡಿಕೊಂಡ. ಅಜ್ಜ ದಪ್ಪ ಮೂಗಿನ ಮೇಲಿಂದ ಅವನನ್ನೇ ನೋಡಿದ. ಆ ಮೂಗು ಮನೆಯಲ್ಲಿ ಯಾರಿಗೂ ಇಲ್ಲ. ಚಿಕ್ಕಂದಿನಲ್ಲಿ ಕೇಳಿದಾಗ ಗ್ಯಾನಪ್ಪ, “ಫೋಟೋದಾಗ ಹಂಗ ಬರ್ತೈತಿ” ಎಂದು ಮಾತು ಹಾರಿಸಿದ್ದ. ಪ್ರತಿ ವರ್ಷ ಎಡೆ ಇಟ್ಟಾಗಲೂ ಅಪ್ಪ ಕೆನ್ನೆ ಬಡಿದುಕೊಂಡು, “ತಪ್ಪಾತು. ಯಾರರ ಆಗ್ರಿ, ಉಂಡು ಹರಸ್ರಿ” ಎಂದು ಗೊಣಗುತ್ತಿದ್ದುದು ಯಮನೂರನಿಗೆ ನೆನಪಾಯಿತು. ಅದೊಂದು ಮಂತ್ರವೆಂದೇ ಅವನು ತಿಳಿದಿದ್ದ.

ಹೊರಡುವಾಗ ಪಕ್ಕದ ಅಂಗಡಿಯ ದರ್ಜಿ ಜಿಲಾನಸಾಬ ಬೈಕಿನ ಹಿಂದೆ ಹತ್ತಿ ಕೂತೇಬಿಟ್ಟ. ಕರೆದವರಿಲ್ಲ.

“ನಾ ಹೊಲಿದ ಅಂಗಿ ಹಾಕ್ಕೊಂಡು ಹೊಂಟಿ. ಅಂಗಿ ಹೆಂಗ ಕುಂತೈತಿ ಅಂತ ಬೀಗರು ಕೇಳಿದ್ರ ಹೇಳಾಕ ಒಬ್ಬರು ಬೇಕಲ್ಲೋ ತಮ್ಮಾ.” ದಾರಿಯಲ್ಲಿ ಫೋಟೋದ ಕಾಗದ ಸರಿಸಿ ಇಣುಕಿದ. “ಅರೇ, ಈ ಮನುಷ್ಯಾ ನನ್ನ ಹತ್ರ ಅಂಗಿ ಹೊಲಿಸ್ಯಾನ!”

“ಚಾಚಾ, ಅವ್ರು ಸತ್ತು ನಲವತ್ತೇಳು ವರ್ಷ ಆತು.”

“ಆಗಿರ್ಲಿ. ಎದಿ ಮೂವತ್ತಾರು, ಕೊಳ್ಳು ಹದಿನೈದು. ನಾ ಮುಖ ಮರೀತೀನಿ, ಅಳತಿ ಮರೆಯಂಗಿಲ್ಲ.”

ದಿನವಿಡೀ ಮಂದಿಯ ಮುಖ ತಿದ್ದುವ ಯಮನೂರನಿಗೆ ಕನ್ನಡಿ ನೋಡಿಕೊಳ್ಳುವ ಅಭ್ಯಾಸ ಕಡಿಮೆ. ಇಲ್ಲದಿದ್ದರೆ ಅವನು ಕಾಲುವೆ ದಂಡೆಯಿಂದಲೇ ಬೈಕು ತಿರುಗಿಸುತ್ತಿದ್ದ.

ಹನಮಪ್ಪನ ಮನೆಯಲ್ಲಿ ಹೋಳಿಗೆಯ ವಾಸನೆ ಬಾಗಿಲಿಗೇ ಬಂದು ಕರೆಯಿತು. ಹೊಸ ಧೋತರ, ಹೋಳಿಗೆ, ಕಡುಬು, ಒಂದು ಕಟ್ಟು ಬೀಡಿ ಎಲ್ಲ ಸಾಲಾಗಿ ಇಟ್ಟಿದ್ದರು. ಬೀಡಿ ಎಂದರೆ ಮಾಳವ್ವನ ಗಂಡ ಅಂಬಣ್ಣಜ್ಜನಿಗೆ ಜೀವವಂತೆ. ತಟ್ಟೆಯಲ್ಲಿ ಎಲೆ ಅಡಿಕೆಯೂ ಸಿದ್ಧವಿತ್ತು. ಯಮನೂರ ಆ ತಟ್ಟೆಯನ್ನು ಕಣ್ತುಂಬ ನೋಡಿ, ಕಾಗದ ಬಿಚ್ಚಿ, ಫೋಟೋವನ್ನು ಮಣೆಯ ಮೇಲಿಟ್ಟು ಪಕ್ಕಕ್ಕೆ ನಿಂತ.

ಮಾಳವ್ವ ಫೋಟೋ ನೋಡಿದಳು. ಯಮನೂರನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹೋ ಎಂದು ಅತ್ತಳು.

“ಹನಮಪ್ಪಾ, ನಿಮ್ಮಪ್ಪ ಬಂದಾನೋ! ಅದ ಮುಖ, ಅದ ಮೀಸಿ! ಹುಟ್ಟಿದ್ದು ಯಾವಾಗಪ್ಪ ನೀನು?” ಎಂದು ಯಮನೂರನತ್ತ ತಿರುಗಿದಳು.

“ತೊಂಬತ್ಮೂರು ರೀ ಅಜ್ಜಿ.”

“ಸತ್ತ ಮ್ಯಾಲ ಹದಿನೈದು ವರ್ಷ ಎಲ್ಲಿ ತಿರಗ್ಯಾಡಿದ್ರಿ? ಕಾರಟಗಿ ಸಂತಿಗೆ ಹ್ವಾದ್ರೂ ಹಿಂಗ ತಡಾ ಮಾಡ್ತಿದ್ರಿ!” ಎಂದು ಮಾಳವ್ವ ಮಾತಿನ ನಡುವೆಯೇ ಏಕವಚನದಿಂದ ಬಹುವಚನಕ್ಕೆ ಏರಿದಳು.

ಯಮನೂರ ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಫೋಟೋದ ಪಕ್ಕದ ಮಣೆಯ ಮೇಲೆ ಕೂರಿಸಿದ್ದಾಗಿತ್ತು. ಕೊರಳಿಗೆ ಹಾರ ಬಿತ್ತು. ಯಾರೋ ಬೀಡಿ ಹಚ್ಚಿ ಬೆರಳಿಗೆ ಸಿಕ್ಕಿಸಿದರು. ಹುಟ್ಟಿದಾಗಿನಿಂದ ಬೀಡಿ ಮುಟ್ಟದವನು ಒಂದು ಸಲ ಎಳೆದು ಎರಡು ನಿಮಿಷ ಕೆಮ್ಮಿದ. “ಕೆಮ್ಮೂ ಅವರದ!” ಎಂದು ಮಾಳವ್ವ ಇನ್ನಷ್ಟು ಅತ್ತಳು. ಸುದ್ದಿ ಕೇಳಿ ಓಡಿ ಬಂದ ಪಕ್ಕದ ಮನೆಯ ಮುದುಕಿ ಮಾರೆಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಅಂಬಣ್ಣಾ, ನಮ್ಮ ಏಣಿ ಒಯ್ದಿದ್ದಿ. ಎಲ್ಲಿಟ್ಟಿ?”

ಇಷ್ಟೆಲ್ಲ ಯಮನೂರ ಸಹಿಸಿದ. ಆದರೆ ಹುಲಿಗೆಮ್ಮ ನೀರಿನ ತಂಬಿಗೆ ತಂದವಳು ತಂಬಿಗೆ ಕೆಳಗಿಟ್ಟು ಅವನ ಪಾದ ಮುಟ್ಟಿ, ನಗು ತಡೆಯಲಾರದೆ, “ಆಶೀರ್ವಾದ ಮಾಡ್ರಿ ಅಜ್ಜಾ” ಎಂದಾಗ ಅವನು ಗಕ್ಕನೆ ಕಾಲು ಹಿಂದಕ್ಕೆಳೆದುಕೊಂಡ. ಮೊಮ್ಮಗಳನ್ನು ಮದುವೆಯಾದ ಅಜ್ಜ ಯಾವ ಊರಲ್ಲೂ ಇಲ್ಲ. ಎಲೆ ಅಡಿಕೆಯ ತಟ್ಟೆಯನ್ನು ಯಾರೋ ಆಗಲೇ ಒಳಗೆ ಒಯ್ಯುತ್ತಿದ್ದರು.

“ನಾ ಅಜ್ಜ ಅಲ್ರೀ!” ಯಮನೂರ ಹಾರ ಕಿತ್ತು ಎದ್ದ. ಮೊಬೈಲು ತೆಗೆದು ಮೊದಲಿನ ಫೋಟೋ ತೋರಿಸಿದ. “ನೋಡ್ರಿ, ಗಾಜಿನ್ಯಾಗ ನನ್ನ ಮುಖ ಬಿದ್ದೈತಿ. ಬೆಳಕು ತಗಿ ಅಂತ ಎಐಗೆ ಹೇಳಿದೆ. ಅದು ನನ್ನ ಮುಖಾನ ಅಜ್ಜಗ ಅಂಟಿಸಿ ಕೊಟ್ಟೈತಿ. ತಪ್ಪು ಮಷಿನಿಂದು.”

“ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗ ಆತು” ಎಂದ ಜಿಲಾನಸಾಬ.

ಹನಮಪ್ಪನಿಗೆ ಸಿಟ್ಟು ಬಂತು. “ನಮ್ಮಪ್ಪನ ಮುಖ ಅಳಿಸಿ ನಿನ್ನ ಮುಖ ಕೂಡಿಸೀಯೇನು?”

ಮಾಳವ್ವ ಮಾತ್ರ ಕಣ್ಣೊರೆಸಿಕೊಂಡು ಫೋಟೋದ ಹತ್ತಿರ ಹೋಗಿ ಬೆರಳಿಟ್ಟಳು. “ಅದಕ್ಕ ನೋಡು ಕಿವಿ ನೆಟ್ಟಗ ಐತಿ. ಅವ್ರ ಎಡಗಿವಿ ತುದಿ ಹರಿದಿತ್ತು. ಎತ್ತು ಕೋಡಿಲೆ ಹೊಡದಿತ್ತು. ಬಾಗಲದ ಬೆಳಕು ಸರೀ ಆ ಕಿವಿ ಮ್ಯಾಲ ಬೀಳ್ತಿತ್ತು, ಹಬ್ಬಕ್ಕ ಇಳಿಸಿದಾಗ ಹಾರ ಮುಚ್ತಿತ್ತು. ಬೆಳಕಿನ ಕೆಳಗ ಹರಿದ ಕಿವಿ ಐತಿ ಅಂತ ನಾ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ. ಆ ಕಿವಿ ತಂದು ಕೊಡು, ನಾ ಎಲಿ ಅಡಿಕಿ ಕೊಡ್ತೀನಿ.”

ಯಮನೂರನಿಗೆ ಹೋದ ಜೀವ ಬಂತು. ಹಬ್ಬದ ದಿನವಾದ್ದರಿಂದ ಹಳೆಯ ಫೋಟೋ ಇಳಿಸಲು ಅಡ್ಡಿಯಿರಲಿಲ್ಲ. ಒದ್ದೆ ಬಟ್ಟೆ ತಂದು ಗಾಜು ಒರೆಸಿದ. ಹೊಗೆ ಹೋಯಿತು, ನೊಣದ ಚುಕ್ಕೆ ಹೋಯಿತು. ಹನಮಪ್ಪ ಅದನ್ನು ಬಾಗಿಲಿಗೆ ಬೆನ್ನು ಮಾಡಿ ಹಿಡಿದ. ಬೆಳಕಿಲ್ಲ, ನೆರಳಿಲ್ಲ. ಗಾಜಿನ ಹಿಂದೆ ರುಮಾಲು ಸುತ್ತಿದ ಯಮನೂರನೇ ಕೂತಿದ್ದ. ಎಡಗಿವಿ ನೆಟ್ಟಗಿತ್ತು.

ಮಷಿನು ತಪ್ಪು ಮಾಡಿರಲಿಲ್ಲ.

“ಯಾ ಅಲ್ಲಾ!” ಎಂದ ಜಿಲಾನಸಾಬ. “ಎದಿ ಮೂವತ್ತಾರು!”

ಯಮನೂರ ಕಟ್ಟಿನ ಹಿಂದಿನ ತುಕ್ಕು ಮೊಳೆ ಕಿತ್ತ. ರಟ್ಟು ಸರಿಸಿದರೆ ಫೋಟೋದ ಬೆನ್ನಿನ ಮೇಲೆ ಮೊದಲು ಅಪ್ಪನ ಸ್ಟುಡಿಯೋದ ಮುದ್ರೆ, ಅದರ ಕೆಳಗೆ ಅಪ್ಪನ ದುಂಡು ಅಕ್ಷರ. ಹುಲಿಗೆಮ್ಮ ಬಗ್ಗಿ ಓದಿದಳು: “ನಮ್ಮಪ್ಪನ ಹರೆಯದ ಫೋಟೋ. ಮನೆಗೆ. ಯಾರಿಗೂ ಕೊಡಬಾರದು.”

ಗ್ಯಾನಪ್ಪನ ‘ತಪ್ಪಾತು’ ಯಾವ ತಪ್ಪೆಂದು ಮಗನಿಗೆ ಆಗ ಹೊಳೆಯಿತು. ಅಂಬಣ್ಣಜ್ಜ ಸತ್ತ ವರ್ಷದ ಹಬ್ಬದ ಗಡಿಬಿಡಿಯಲ್ಲಿ ಎರಡು ಫೋಟೋ ಅದಲು ಬದಲಾಗಿ, ಅಪ್ಪ ತನ್ನ ಅಪ್ಪನನ್ನು ಸಿದ್ದಾಪುರಕ್ಕೆ ಕಟ್ಟಿ ಕಳಿಸಿದ್ದ. ಗೊತ್ತಾಗುವಷ್ಟರಲ್ಲಿ ಇಲ್ಲಿ ಗೋಡೆ ಏರಿ, ಎಡೆಯೂ ಉಂಡಾಗಿತ್ತು. ಹೇಳಲು ಧೈರ್ಯ ಸಾಲದೆ, ಉಳಿದ ಫೋಟೋವನ್ನು ಮನೆಯಲ್ಲಿ ತೂಗುಹಾಕಿ, ವರ್ಷಕ್ಕೊಮ್ಮೆ ಕೆನ್ನೆ ಬಡಿದುಕೊಂಡಿದ್ದ.

“ಅಜ್ಜಿ, ನಿಮಗ ಇಷ್ಟು ವರ್ಷ ಗೊತ್ತಾಗ್ಲಿಲ್ಲೇನ್ರಿ?” ಎಂದ ಯಮನೂರ.

“ಆರು ವರ್ಷ ಸಂಸಾರ ಮಾಡೀನಿ. ಗಂಡನ ಮುಖ ನೆಟ್ಟಗ ನೋಡಿದ್ರ ಅತ್ತಿ ಬೈತಿದ್ಲು. ಫೋಟೋ ಬಂದಾಗ, ಇವ್ರು ಇಷ್ಟು ಚಂದ ಇದ್ರೇನು ಅಂತ ಅನಸ್ತು. ಫೋಟೋದಾಗ ಹಂಗ ಬರ್ತೈತಿ ಅಂದ ನಿಮ್ಮಪ್ಪ.”

ಯಮನೂರ ತಾಯಿಗೆ ವಿಡಿಯೋ ಕಾಲ್ ಮಾಡಿದ. “ಯವ್ವಾ, ಅಜ್ಜನ ಫೋಟೋ ತೋರ್ಸು. ಹಾರ ಸ್ವಲ್ಪ ಸರಿಸು.”

ಅಮರಮ್ಮ ಹಾರ ಸರಿಸಿದಳು. ದಪ್ಪ ಮೂಗು ಕಂಡಿತು, ಎಡಗಿವಿ ಕಂಡಿತು. ತುದಿ ಹರಿದಿತ್ತು. ಮಾಳವ್ವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಈ ಸಲ ಸದ್ದಿಲ್ಲದೆ ಅತ್ತಳು.

“ಇವ್ರ ನೋಡಪ್ಪ ನಮ್ಮವ್ರು. ಕಾರಟಗ್ಯಾಗ ಕುಂತೀರೇನ್ರಿ? ಯವ್ವಾ ಅಮರಮ್ಮಾ, ಇವ್ರಿಗೆ ಬೀಡಿ ಇಡ್ತಿದ್ಯೇನು?”

“ಇಲ್ರಿ. ನಮ್ಮನ್ಯಾಗ ಯಾರೂ ಬೀಡಿ ಸೇದಂಗಿಲ್ಲ” ಎಂದಳು ಅಮರಮ್ಮ, ಏನೂ ತಿಳಿಯದೆ.

“ಅಯ್ಯೋ ನಮ್ಮಪ್ಪಾ! ನಲವತ್ತೇಳು ವರ್ಷ ಒಂದ ಬೀಡಿ ಇಲ್ದಂಗ!”

ಯಮನೂರ ಸಮಾಧಾನದ ಉಸಿರು ಬಿಟ್ಟ. ಕಿವಿ ಸಿಕ್ಕಿತ್ತು. ತಾನು ಯಾರ ಅಜ್ಜನೂ ಅಲ್ಲವೆಂದು ರುಜುವಾತಾಗಿತ್ತು. ಅಂಗಿಯ ಕಾಲರು ಸರಿ ಮಾಡಿಕೊಂಡು, ನಾಚಿಕೆ ಬಿಟ್ಟು ಕೇಳಿಯೇಬಿಟ್ಟ. “ಹಂಗಾರ ಅಜ್ಜಿ, ಎಲಿ ಅಡಿಕಿ ತರಸ್ತೀರೇನ್ರಿ?”

ಮಾಳವ್ವ ಅವನ ತಲೆ ಸವರಿದಳು. “ಹೆಂಗ ಆಗ್ತೈತೋ ಮಗನ? ನಿಮ್ಮ ಹಿರೇರು ನಮ್ಮನ್ಯಾಗ ಉಂಡಾರ, ನಮ್ಮ ಹಿರೇರು ನಿಮ್ಮನ್ಯಾಗ ಉಂಡಾರ. ಬೆಡಗು ಬ್ಯಾರೆ ಇದ್ರೇನಾತು, ಒಂದ ಹಿರೇರಿಗೆ ಎಡಿ ಇಟ್ಟವ್ರು ಅಣ್ತಮ್ಮರು. ಹುಲಿಗಿ ನಿನಗ ತಂಗಿ ಆಗ್ಬೇಕು.”

“ಖರೆ ಐತಿ” ಎಂದಳು ಮಾರೆಮ್ಮ. ಹನಮಪ್ಪನೂ ತಲೆಯಾಡಿಸಿದ. ಜಿಲಾನಸಾಬನನ್ನು ಯಾರೂ ಕೇಳದಿದ್ದರೂ ಅವನೂ ಆಡಿಸಿದ.

ಯಮನೂರ ಬೆಳಿಗ್ಗೆ ಯಾರ ಮುಂದೆ ಅಡ್ಡಬಿದ್ದು ಹುಲಿಗೆಮ್ಮನನ್ನು ಬೇಡಿದ್ದನೋ ಆತ ಹುಲಿಗೆಮ್ಮನ ಸ್ವಂತ ಅಜ್ಜ. ಬೀಡಿ ಕೊಡದ ಮನೆಗೆ ಮೊಮ್ಮಗಳನ್ನು ಕೊಡಲು ಅವನಿಗೇನು ಹುಚ್ಚೇ? ಹುಲಿಗೆಮ್ಮ ಒಂದು ಗಳಿಗೆ ಯಮನೂರನನ್ನೇ ನೋಡಿದಳು. ಆ ನೋಟದಲ್ಲಿ ಬೇಸರವಿತ್ತು ಎಂದು ಅವನು ಇವತ್ತಿಗೂ ನಂಬಿದ್ದಾನೆ.

“ಕೈ ತೊಳಕೊಳ್ಳೋ ಅಣ್ಣಾ, ಊಟಕ್ಕ ಏಳು” ಎಂದಳು.

“ಇನ್ನ ಮುಂದ ಹಬ್ಬಕ್ಕ ತಪ್ಪಿಸಬ್ಯಾಡ” ಎಂದ ಹನಮಪ್ಪ. “ತಂಗಿ ಲಗ್ನ ಗೊತ್ತಾದ ಮ್ಯಾಲ ಫೋಟೋನೂ ನೀನ ತಗೀಬೇಕು.”

ಉಂಡ ಮೇಲೆ ಹೊಸ ಫೋಟೋವನ್ನು ಅದೇ ಮೊಳೆಗೆ ತೂಗುಹಾಕಿದರು. ಇಷ್ಟು ವರ್ಷ ಉಂಡವರನ್ನು ಹೊರಗೆ ಹಾಕಲು ಮಾಳವ್ವ ಒಪ್ಪಲಿಲ್ಲ. ಬಾಗಿಲಿನ ಬಿಸಿಲು ಹೊಸ ಗಾಜಿಗೆ ಹೊಡೆದು ಅಜ್ಜನ ಮುಖ ಮತ್ತೆ ಮಾಯವಾಯಿತು.

“ತಮ್ಮಾ, ಮತ್ತ ಬೆಳಕು ಬಿತ್ತಲ್ಲೋ. ತಗೀತಿಯೇನು?” ಎಂದ ಜಿಲಾನಸಾಬ.

“ಇರ್ಲಿ ಬಿಡು ಚಾಚಾ” ಎಂದ ಯಮನೂರ. “ಅದರ ಪಾಡಿಗೆ ಅದನ್ನ ಬಿಟ್ಟಿದ್ರ ಇವತ್ತು ನನ್ನ ಲಗ್ನ ಗೊತ್ತಾಗಿರ್ತಿತ್ತು.”