ಯಾರೂ ಓದದ ಭರವಸೆಗಳು

ಚುನಾವಣೆ ಬಂದಾಗಲೆಲ್ಲ ಯಾರಾದರೂ ನನ್ನ ಮನೆ ಬಾಗಿಲು ತಟ್ಟುತ್ತಾರೆ, ಪ್ರತಿ ಸಲವೂ ಏನಾದರೊಂದು ಎಡವಟ್ಟಾಗುತ್ತದೆ. ಉಳಿದ ದಿನಗಳಲ್ಲಿ ಬಾಗಿಲು ತಟ್ಟುವವರಿಲ್ಲ, ಹಾಗಾಗಿ ಎಡವಟ್ಟೂ ಇಲ್ಲ.

ನಾನು ಇರುವುದು ತಮಿಳುನಾಡಿನ ನೆಗಮಂ ಕಡೆಯ ಒಂದು ನೇಕಾರರ ಬೀದಿಯಲ್ಲಿ. ನಮ್ಮವರು ಇಲ್ಲಿಗೆ ಬಂದು ಎಷ್ಟು ತಲೆಮಾರಾಯಿತು ಎಂದು ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಮಾತಾಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ನನಗೊಬ್ಬನಿಗೆ ಬರುತ್ತದೆ. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುವಾಗ ಹಾಸ್ಟೆಲಿನ ಗೆಳೆಯರು ಕಲಿಸಿದರು. ಈಗ ಪೊಲ್ಲಾಚಿಯ ಕಾಲೇಜೊಂದರಲ್ಲಿ ಅದೇ ಶಾಸ್ತ್ರವನ್ನು ತಮಿಳಿನಲ್ಲಿ ಪಾಠ ಮಾಡುತ್ತೇನೆ. ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಅವಳ ಮಗ್ಗ ಬಿಚ್ಚಿ, ಅದರ ಕೆಳಗಿನ ಗುಂಡಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿ, ಪುಸ್ತಕದ ಬೀರು ಇಟ್ಟೆ. ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ನನ್ನದೊಂದೇ.

೧. ಓದುವುದು ಯಾರಿಗೆ ಬೇಕು

ಮೊದಲ ಸಲ ಬಾಗಿಲು ತಟ್ಟಿದವನು ಒಂದು ಪಕ್ಷದ ಸ್ಥಳೀಯ ಕಾರ್ಯದರ್ಶಿ. ಕೈಯಲ್ಲಿ ತಮಿಳು ನೋಟೀಸು. ಮಾತೂ ತಮಿಳಿನಲ್ಲೇ.

"ಸಾರ್, ಈ ಬೀದಿಯವರ ಮನೆಮಾತು ಕನ್ನಡವಂತೆ. ಅವರ ಭಾಷೆಯಲ್ಲೇ ಮಾತು ಕೊಡಬೇಕು ಅಂತ ನಮ್ಮ ಕ್ಯಾಂಡಿಡೇಟು ಹಟ ಹಿಡಿದಿದ್ದಾರೆ. ಇದನ್ನು ಕನ್ನಡ ಮಾಡಿಕೊಡಿ."

ಓದಿದೆ. ಎಂಟು ಭರವಸೆಗಳಿದ್ದವು. ಮೂರನೆಯದು, ಗೆದ್ದ ಆರು ತಿಂಗಳೊಳಗೆ ನಮ್ಮ ಬೀದಿಗೆ ಸಿಮೆಂಟಿನ ಚರಂಡಿ.

"ಮಾಡಿಕೊಡಬಹುದು. ಆದರೆ ಇಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ," ಎಂದೆ.

ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ.

"ಅದಕ್ಕೇನು ಸಾರ್, ತಮಿಳು ನೋಟೀಸು ಯಾರಾದರೂ ಓದುತ್ತಾರೆ ಅಂದುಕೊಂಡಿರಾ?"

೨. ಹೇಳಿದವರು ಯಾರು

ನೋಟೀಸು ಹಂಚಿದ ದಿನವೇ ಎದುರು ಮನೆಯ ಅತ್ತೆ ಅದನ್ನು ಹಿಡಿದುಕೊಂಡು ಬಂದರು. ನನ್ನ ಅಮ್ಮನ ಜೊತೆಗಾರ್ತಿ. ಅರವತ್ತು ದಾಟಿದರೂ ದಿನಾ ಮಗ್ಗಕ್ಕೆ ಕೂರುತ್ತಾರೆ. ನನ್ನನ್ನು ಈಗಲೂ ಮುದ್ದಿಗೆ ಕಣ್ಣು ಎಂದೇ ಕರೆಯುತ್ತಾರೆ.

"ಕಣ್ಣು, ಏನ್ ಬರ್ದವ್ರೆ ಓದು."

ನಾನು ಬರೆದದ್ದನ್ನು ನಾನೇ ಓದಿದೆ. ಮೂರನೆಯದಕ್ಕೆ ಅವರು ಕೈ ಎತ್ತಿ ನಿಲ್ಲಿಸಿದರು.

"ಚರಂಡಿ ಅಂದ್ರೆ ಸಾಕ್ಕಡೆ ತಾನೆ?"

"ಹೌದು ಅತ್ತೆ."

ಅವರಿಗೆ ಉಳಿದ ಏಳು ಬೇಕಿರಲಿಲ್ಲ. ಅವರದು ಗುಂಡಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯಬೇಕು. ಬೀದಿಯ ತಗ್ಗಿನ ಬದಿಗೆ ಅವರ ಮನೆ. ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆಗೆ ಬೀದಿಯ ನೀರೆಲ್ಲ ಒಳಗೆ ನುಗ್ಗಿ ಗುಂಡಿ ಬಾವಿಯಾಗುತ್ತದೆ. ಆಮೇಲೆ ಅದು ಒಣಗುವವರೆಗೆ ಮಗ್ಗವಿಲ್ಲ, ಕೂಲಿಯಿಲ್ಲ.

"ನಂಬಬಹುದಾ?" ಎಂದು ಕೇಳಿದರು.

"ನಂಬಬೇಡಿ."

"ನಂಬಬೇಡ ಅನ್ನೋನು ಯಾಕೆ ಬರ್ದೆ?"

"ಅವರು ಹೇಳಿದ್ದನ್ನು ಬರೆದೆ, ಅಷ್ಟೇ."

ಅತ್ತೆ ನಂಬಿ ಆ ಕ್ಯಾಂಡಿಡೇಟಿಗೆ ಓಟು ಹಾಕಿದರು. ಅವನು ಗೆದ್ದ. ಆರು ತಿಂಗಳಾಯಿತು, ಮಳೆ ಬಂತು, ಚರಂಡಿ ಬರಲಿಲ್ಲ. ಅತ್ತೆ ಬಂದರು.

"ಎಲ್ಲಿ ಸಾಕ್ಕಡೆ?"

"ನನ್ನನ್ನು ಕೇಳಿದರೆ? ಹೇಳಿದವನನ್ನು ಕೇಳಿ."

"ಅವನು ಹೇಳಿದ್ದು ತಮಿಳ್ನಾಗೆ. ನಮ್ಮ ಮಾತ್ನಾಗೆ ಹೇಳಿದ್ದು ನೀನು ತಾನೆ?"

ರಾಜ್ಯಶಾಸ್ತ್ರ ಬದಿಗಿಟ್ಟು ಗೆದ್ದವನಿಗೆ ಅರ್ಜಿ ಬರೆದೆ. ಇನ್ನೊಂದು ಬರೆದೆ. ಅತ್ತೆ ತಿಂಗಳಿಗೊಮ್ಮೆ ಬಂದು ಜಗಲಿಯ ಮೇಲೆ ಕುಳಿತು, ಅರ್ಜಿ ಏನಾಯಿತು ಎಂದು ವಿಚಾರಿಸಿ, ನನ್ನ ಅಡುಗೆಯಲ್ಲಿ ತಪ್ಪು ಹುಡುಕಿ, ಅಮ್ಮನ ಮಾತು ತೆಗೆದು, ಒಂದು ಗಂಟೆ ಇದ್ದು ಹೋಗುತ್ತಿದ್ದರು. ನನ್ನ ಮನೆಯಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಆ ಒಂದು ಗಂಟೆ. ಚರಂಡಿ ಬಂದುಬಿಟ್ಟರೆ ಇವರು ಬರುವುದು ನಿಂತುಹೋಗುತ್ತದಲ್ಲ ಎಂದು ಒಮ್ಮೆ ಹೆದರಿಕೆಯಾಯಿತು. ಸುಮ್ಮನೆ ಹೆದರಿದೆ. ಗೆದ್ದವರು ನನ್ನ ಕೈಬಿಡಲಿಲ್ಲ.

೩. ಹೀಗೂ ಚೆನ್ನಾಗಿದೆ

ಎರಡನೆಯ ಚುನಾವಣೆಗೆ ಕಾರ್ಯದರ್ಶಿ ಗೋಡೆ ಕೇಳಿಕೊಂಡು ಬಂದ. ಬೀದಿಯ ಬಾಯಲ್ಲೇ ನನ್ನ ಮನೆ, ಪಕ್ಕದ ಗೋಡೆ ಉದ್ದಕ್ಕಿದೆ. ಚರಂಡಿಯ ಭರವಸೆಯನ್ನು ಈ ಸಲ ಅಲ್ಲಿ ಕನ್ನಡದಲ್ಲಿ ಬರೆಸಬೇಕಂತೆ. ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಟ್ಟು ಕಾಲೇಜಿಗೆ ಹೋದೆ.

ಸಂಜೆ ಬಸ್ಸಿಳಿದು ನೋಡಿದರೆ, ಗೋಡೆ ತುಂಬ ದುಂಡು ದುಂಡಾದ, ಬಹಳ ಅಂದವಾದ ಅಕ್ಷರಗಳು. ಒಂದೂ ಓದಲಾಗಲಿಲ್ಲ. ಕುತ್ತಿಗೆ ಓರೆ ಮಾಡಿ ನೋಡಿದ ಮೇಲೆ ಗೊತ್ತಾಯಿತು. ಬಣ್ಣ ಬಳಿಯುವವನಿಗೆ ಕನ್ನಡ ಬರದು. ಹಾಳೆಯನ್ನು ತಲೆಕೆಳಗಾಗಿ ಹಿಡಿದು, ಇದ್ದದ್ದನ್ನು ಇದ್ದ ಹಾಗೇ ಗೋಡೆಗೆ ಇಳಿಸಿದ್ದ. ಒಂದು ಕೊಂಬೂ, ಒಂದು ಒತ್ತೂ ತಪ್ಪಿರಲಿಲ್ಲ.

ಕಾರ್ಯದರ್ಶಿಯನ್ನು ಕರೆಸಿ ತೋರಿಸಿದೆ. ಅವನು ರಸ್ತೆಯ ಆಚೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ನೋಡಿದ.

"ಹೀಗೂ ಚೆನ್ನಾಗಿದೆ ಸಾರ್. ಇರಲಿ ಬಿಡಿ."

ಐದು ವರ್ಷ ಇತ್ತು. ತಲೆಕೆಳಗಾಗಿದೆ ಎಂದು ಒಬ್ಬರೂ ಹೇಳಲಿಲ್ಲ.

೪. ಊಟ ಆಯಿತಾ

ಅದೇ ಚುನಾವಣೆಯ ಕ್ಯಾಂಡಿಡೇಟಿಗೆ ನಮ್ಮ ಬೀದಿಯಲ್ಲಿ ಕನ್ನಡದಲ್ಲಿ ಎರಡು ಮಾತಾಡುವ ಆಸೆ ಹುಟ್ಟಿತು. ಪಾಠಕ್ಕೆ ನನ್ನ ಮನೆಗೇ ಕರೆತಂದರು. ಬಿಳಿ ಅಂಗಿಯ ದೊಡ್ಡ ಆಳು, ಕುರ್ಚಿ ತುಂಬ ಕುಳಿತ.

ಸುಲಭವಾದದ್ದು ಕಲಿಸೋಣವೆಂದು, "ಊಟ ಆಯಿತಾ? ಆರೋಗ್ಯವಾಗಿದ್ದೀರಾ? ಒಬ್ಬರೇ ಇದ್ದೀರಲ್ಲ, ಏನಾದರೂ ಬೇಕಿದ್ದರೆ ಹೇಳಿ," ಎಂದು ಹೇಳಿಕೊಟ್ಟೆ. ಮೂರನೆಯದನ್ನು ಯಾಕೆ ಸೇರಿಸಿದೆನೋ ತಿಳಿಯದು. ಬೀದಿಯಲ್ಲಿ ಒಬ್ಬನೇ ಇರುವವನು ನಾನು ಮಾತ್ರ.

ಮನುಷ್ಯ ಶ್ರದ್ಧಾವಂತ. ನನ್ನ ಮುಖ ನೋಡುತ್ತ, ಎರಡೂ ಕೈ ಜೋಡಿಸಿ, ಮತ್ತೆ ಮತ್ತೆ ಹೇಳಿದ. ಆರನೆಯ ಸಲಕ್ಕೆ ಉಚ್ಚಾರ ಸರಿಹೋಯಿತು. ಎಂಟನೆಯ ಸಲಕ್ಕೆ ದನಿಯಲ್ಲಿ ಕಾಳಜಿ ಬಂತು. ಹತ್ತನೆಯ ಸಲ "ಊಟ ಆಯಿತಾ?" ಎಂದಾಗ ನನ್ನ ಬಾಯಿಂದ ತಾನಾಗಿ ಬಂತು:

"ಇನ್ನೂ ಇಲ್ಲ."

ಅವನು ಪಾಠ ನಿಲ್ಲಿಸಿ ಕಾರ್ಯದರ್ಶಿಯ ಕಡೆ ತಿರುಗಿದ.

"ಇದನ್ನೂ ನಾನೇ ಹೇಳಬೇಕಾ?"

೫. ಮಾತಿನ ಮನುಷ್ಯ

ಮೂರನೆಯ ಚುನಾವಣೆಗೆ ಅದೇ ಕಾರ್ಯದರ್ಶಿ ಬಂದ. ನಡುವೆ ಪಕ್ಷ ಬದಲಿಸಿದ್ದ. ಗೋಡೆ ಬದಲಿಸಿರಲಿಲ್ಲ.

"ಏನು ಬರೆಯಲಿ?" ಎಂದೆ.

"ಏನಾದರೂ ನಾಲ್ಕು ಸಾಲು ಸಾರ್. ನಿಮಗೆ ಗೊತ್ತಿಲ್ಲದ್ದೇ? ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ."

ಅವನು ಆ ಮಾತು ಆಡಬಾರದಿತ್ತು. ಹತ್ತು ವರ್ಷ ಅವರ ಸುಳ್ಳನ್ನು ನನ್ನ ಕೈಬರಹದಲ್ಲಿ ಬರೆದಿದ್ದೆ. ಯಾರೂ ಓದದ ಗೋಡೆಯ ಮೇಲೆ ಒಂದು ನಿಜ ಬರೆದರೆ ಯಾರಿಗೇನು ನಷ್ಟ? ಹಾಳೆ ತೆಗೆದುಕೊಂಡು ಬರೆದೆ:

"ಈ ಬೀದಿಗೆ ಚರಂಡಿ ಬರುವುದಿಲ್ಲ. ನಾನು ಗೆದ್ದರೂ ಬರುವುದಿಲ್ಲ. ಸೋತರೂ ಬರುವುದಿಲ್ಲ. ನನ್ನನ್ನು ನಂಬಬೇಡಿ."

ಬಣ್ಣದವನು ಮತ್ತೆ ತಪ್ಪದಿರಲಿ ಎಂದು ಹಾಳೆಯ ಮೇಲ್ತುದಿಗೆ ಬಾಣದ ಗುರುತು ಹಾಕಿದೆ. ಈ ಸಲ ನೆಟ್ಟಗೆ ಬರೆದ. ಬಾಣವನ್ನೂ ಬರೆದ. ಮೇಲೆ ಕ್ಯಾಂಡಿಡೇಟಿನ ಹೆಸರು, ಪಕ್ಕದಲ್ಲಿ ಚಿಹ್ನೆ, ಕೆಳಗೆ ನನ್ನ ನಾಲ್ಕು ಸಾಲು. ಕ್ಯಾಂಡಿಡೇಟು ಸ್ವತಃ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ.

ದಿನಾ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಅದನ್ನು ಓದುತ್ತಿದ್ದೆ. ಮೊದಲ ವಾರ ನಗು ಬಂತು. ಎರಡನೆಯ ವಾರ ಪಕ್ಕದಲ್ಲಿ ನಿಂತವರ ಮುಖ ನೋಡತೊಡಗಿದೆ, ಯಾರಾದರೂ ನಗುತ್ತಾರೇನೋ ಎಂದು. ಮೂರನೆಯ ವಾರ ಆ ಕಡೆ ನೋಡುವುದನ್ನೇ ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಹೊರಗೆ ಲಾರಿ ನಿಂತ ಸದ್ದು. ಆಮೇಲೆ ಒಂದು ದೊಡ್ಡ ನಗು. ಆಮೇಲೆ ನನ್ನ ನಾಲ್ಕು ಸಾಲು, ಅಚ್ಚ ಮೈಸೂರು ಕಡೆಯ ಗಂಟಲಲ್ಲಿ, ಬೀದಿಗೆಲ್ಲ ಕೇಳುವ ಹಾಗೆ. ಮೈಸೂರು ಬಿಟ್ಟ ಮೇಲೆ ನಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಕಾಲಿಗೆ ಚಪ್ಪಲಿಯಿಲ್ಲದೆ ಹೊರಗೆ ಬಂದೆ.

ಎಳನೀರು ತುಂಬಿಸಿಕೊಳ್ಳಲು ಬಂದ ಲಾರಿಯ ಡ್ರೈವರು. ಗೋಡೆಗೆ ಕೈ ಊರಿಕೊಂಡು ನಗುತ್ತಿದ್ದ.

"ಏನ್ ಸ್ವಾಮಿ ಇದು! ಇಂಥ ಕ್ಯಾಂಡಿಡೇಟ್ ನಮ್ ಕಡೆ ಹುಟ್ಟೋದೇ ಇಲ್ಲ. ಪುಣ್ಯ ಮಾಡಿದ್ದೀರ ಬಿಡಿ."

"ಒಳಗೆ ಬನ್ನಿ. ಟೀ ಕುಡಿದು ಹೋಗಿ," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ.

"ಇನ್ನೊಂದ್ ದಿನ ಸ್ವಾಮಿ, ಲೋಡ್ ಕಾಯ್ತಾ ಐತೆ," ಎಂದು ಹತ್ತಿಕೊಂಡು ಹೊರಟುಹೋದ.

ಆದರೆ ಬೀದಿ ಕೇಳಿಸಿಕೊಂಡಾಗಿತ್ತು. ಓದಲು ಬಾರದಿದ್ದರೂ ಕಿವಿ ಇದೆಯಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಕಣ್ಣು, ನೋಡ್ದ್ಯಾ? ಮೂರು ಎಲೆಕ್ಷನ್ನಾಗೆ ಒಬ್ಬ ನಿಜ ಹೇಳವ್ನೆ. ಓಟು ಅವನಿಗೇ."

"ಅತ್ತೆ, ಅದು ಅವನು ಹೇಳಿದ್ದಲ್ಲ. ನಾನೇ ಬರೆದದ್ದು."

"ಬರ್ದೋನು ನೀನೇ. ಹೇಳ್ದೋನು ಅವನು."

"ಅಲ್ಲ ಅತ್ತೆ. ಅಲ್ಲಿ ಏನಿದೆ ಅಂತ ಅವನಿಗೆ ಗೊತ್ತೇ ಇಲ್ಲ."

"ಅವನ ಹೆಸರ ಕೆಳಗೆ ಇರೋದು ಅವನಿಗೆ ಗೊತ್ತಿಲ್ವಾ? ಮುಂದೆ ನಿಂತು ಫೋಟೋ ತಗೊಂಡ್ನಲ್ಲ! ಸುಮ್ನಿರು. ನೀನು ಜನ್ಮದಾಗೆ ಯಾರನ್ನ ತಾನೆ ನಂಬಿದ್ದೀಯ?"

ಸುಳ್ಳಾದಾಗ ಅದು ನನ್ನ ಮಾತಾಗಿತ್ತು, ನಿಜವಾದಾಗ ಅವನದಾಯಿತು. ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಎಲ್ಲರೂ ಕುಳಿತುಕೊಳ್ಳಲು ಹೇಳಿ ಕಾಫಿ ಕೊಟ್ಟರು. ಒಬ್ಬರೂ ನಂಬಲಿಲ್ಲ. ಅಷ್ಟು ಮನೆಗಳಲ್ಲಿ ಒಂದೇ ದಿನ ಕುಳಿತು ಬಂದದ್ದು ಅಮ್ಮ ಹೋದ ಮೇಲೆ ಅದೇ ಮೊದಲು ಎಂಬುದನ್ನೂ ಹೇಳಬೇಕು.

ಅವನು ಗೆದ್ದ. ಕಾರ್ಯದರ್ಶಿ ಸಿಹಿ ಹಿಡಿದುಕೊಂಡು ಬಂದ.

"ಸಾರ್, ನಿಮ್ಮ ಬೀದಿ ಇಷ್ಟು ಒಗ್ಗಟ್ಟಾಗಿ ಯಾವತ್ತೂ ಹಾಕಿರಲಿಲ್ಲ. ಅಂಥದ್ದೇನು ಬರೆದಿರಿ?"

"ನಿಮ್ಮ ಅಭ್ಯರ್ಥಿಯ ನೀತಿ," ಎಂದೆ.

ಐಪ್ಪಸಿ ಬಂತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಓಡಿದೆ. ಗುಂಡಿಯಲ್ಲಿ ಮೊಣಕಾಲುದ್ದ ಕೆಂಪು ನೀರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ನೀರು ನೂಲಿಗೆ ತಾಗಲು ಇನ್ನೊಂದು ಗೇಣು. ಪಂಚೆ ಎತ್ತಿ ಕಟ್ಟಿ ಗುಂಡಿಗಿಳಿದೆ. ನಾನು ಬಕೆಟ್ಟು ತುಂಬಿ ಕೊಡುವುದು, ಅವರು ಹಿತ್ತಿಲಿಗೆ ಚೆಲ್ಲುವುದು. ಒಂದು ಗಂಟೆಯಾದರೂ ನೀರು ಅಷ್ಟೇ ಇತ್ತು.

ನನಗೆ ತಡೆಯಲಾಗಲಿಲ್ಲ. "ತಪ್ಪಾಯಿತು ಅತ್ತೆ. ಆ ಗೋಡೆ ಬರಹದಿಂದಲೇ ಅವನು ಗೆದ್ದ. ಬೇರೆ ಯಾರಾದರೂ ಬಂದಿದ್ದರೆ..."

ಅತ್ತೆ ಬಕೆಟ್ಟು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು.

"ಯಾಕೆ ಅವನನ್ನ ಬೈತೀಯ? ಸಾಕ್ಕಡೆ ಬರಲ್ಲ ಅಂದ. ಬರ್ಲಿಲ್ಲ. ಇಷ್ಟು ವರ್ಷಕ್ಕೆ ಮಾತು ಉಳಿಸಿಕೊಂಡೋನು ಅವನೊಬ್ಬ. ಮುಂದಿನ ಸಲ ಮಂತ್ರಿಯೇ ಆಗ್ಲಿ. ಹಿಡಿ ಬಕೆಟ್ಟು."