ಅತ್ತಿಗೆಯ ಸ್ಕ್ಯಾನರ್ ಮತ್ತು ನನ್ನ ಕಾರು

ನಮ್ಮ ಅತ್ತಿಗೆಗೆ ಡಲ್ಲಾಸಿನಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ ಆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತದೆ. ತಮ್ಮದೇ ಒಲೆಯ ಮೇಲೆ ಸಾರು ಸೀದು ಹೋಗುತ್ತಿರುವುದು ಮಾತ್ರ ಗೊತ್ತಾಗುವುದಿಲ್ಲ! ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು ಅವರು. ಮೂವತ್ತು ವರ್ಷ ಟೆಕ್ಸಸ್ಸಿನ ಜನರನ್ನು ಮಲಗಿಸಿ, ರಿಟೈರ್ ಆದ ಮೇಲೆ ಮನೆಯವರ ನಿದ್ದೆ ಕೆಡಿಸುವ ಕಾಯಕ ಹಿಡಿದಿದ್ದಾರೆ. ಡಲ್ಲಾಸ್ ಪಕ್ಕದ ಯೂಲೆಸ್‌ನ ಅವರ ಮನೆಯಲ್ಲಿ ಬೆಳಗಾದರೆ ದೇವರನಾಮವಿಲ್ಲ. ಫೈರ್‌ನವರೂ ಆಂಬುಲೆನ್ಸಿನವರೂ ಪರಸ್ಪರ ಕೂಗಿಕೊಳ್ಳುವುದೇ ಸುಪ್ರಭಾತ. ನಮ್ಮಣ್ಣ ಬುದ್ಧಿವಂತ. ಕಿವಿಯ ಮಿಷನ್ ಕಳಚಿಟ್ಟು ಸುಖವಾಗಿದ್ದಾನೆ.

ಸಿಕ್ಕಿಬಿದ್ದವನು ನಾನು. ಏಕೆಂದರೆ ಫೈರ್, ಆಂಬುಲೆನ್ಸಿನವರ ರೇಡಿಯೋ ಮಾತು ಹಿಡಿದು ಕೇಳಿಸುವ ಸ್ಕ್ಯಾನರ್ ಎಂಬ ಡಬ್ಬಿ ಮನೆಗೊಂದು ಸಾಲದೆ, ಕಾರಿನಲ್ಲಿ ಕೂರಿಸುವ ಇನ್ನೊಂದನ್ನೂ ಅತ್ತಿಗೆ ತರಿಸಿದ್ದಾರೆ. ಅದಕ್ಕೆ ಅಣ್ಣ ತನ್ನ ಕಾರನ್ನು ಮುಟ್ಟಗೊಡಲಿಲ್ಲ. ಅತ್ತಿಗೆಗೆ ದೂರದೂರಿಗೆ ಡ್ರೈವ್ ಮಾಡಲು ಕಣ್ಣು ಸಹಕರಿಸುವುದಿಲ್ಲ. ಅಂದ ಮೇಲೆ ಉಳಿದವರು ಯಾರು? ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ನೆಮ್ಮದಿಯಾಗಿದ್ದ ಮೈದುನ! ಈಗ ನನ್ನ ಕಾರಿನ ನೆತ್ತಿಯ ಮೇಲೊಂದು ಆಂಟೆನಾ ನಿಂತಿದೆ. ಸಿಗ್ನಲ್‌ಗಳಲ್ಲಿ ಪಕ್ಕದ ಕಾರಿನವರು ನನ್ನನ್ನು ಮಫ್ತಿ ಪೊಲೀಸ್ ಎಂದು ತಿಳಿದು ಫೋನ್ ಕೆಳಗಿಡುತ್ತಾರೆ. ಈ ಹುಚ್ಚಿನಿಂದ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ಹುಚ್ಚಿಗೆ ಕಾರಣವೇನು ಅಂತೀರಾ? ಮಗಳು. ಒಬ್ಬಳೇ ಮಗಳು. ಡಾಕ್ಟರಾಗಲಿ ಎಂದು ಓದಿಸಿದರೆ, ಅವಳು ಆ ಓದನ್ನು ಅರ್ಧಕ್ಕೆ ಬಿಟ್ಟು ಆಸ್ಟಿನ್ ಪಕ್ಕದ ಒಂದು ಊರಿನಲ್ಲಿ ತುರ್ತು ಕರೆಗಳನ್ನು ತೆಗೆದುಕೊಂಡು ಆಂಬುಲೆನ್ಸ್, ಫೈರ್ ಎಂಜಿನ್ ಕಳಿಸುವ ಡಿಸ್ಪ್ಯಾಚರ್ ಕೆಲಸ ಹಿಡಿದಳು. ಧಾರವಾಡದ ಅತ್ತಿಗೆಯ ನಾಲಿಗೆ ಸುಮ್ಮನಿದ್ದೀತೇ? "ಫೋನ್ ಎತ್ತೋ ಕೆಲಸಕ್ಕ ಇಷ್ಟು ಓದಬೇಕಿತ್ತೇನು?" ಎಂದುಬಿಟ್ಟರು. ಅಷ್ಟೇ. ಅಂದಿನಿಂದ ಇಡೀ ಊರಿನ ಫೋನ್ ಎತ್ತುವ ಹುಡುಗಿ ಅಮ್ಮನ ಫೋನೊಂದನ್ನು ಎತ್ತುವುದಿಲ್ಲ. ಎರಡು ವರ್ಷವಾಯಿತು. ಅಪ್ಪನ ಹತ್ತಿರ ಮಾತಾಡುತ್ತಾಳೆ, ನನ್ನ ಹತ್ತಿರವೂ ಮಾತಾಡುತ್ತಾಳೆ. ಅಮ್ಮನ ಸುದ್ದಿ ತೆಗೆದರೆ, "ಅಂಕಲ್, ಪ್ಲೀಸ್!" ಎನ್ನುತ್ತಾಳೆ. ಮಗಳ ದನಿ ಕೇಳಲು ಅತ್ತಿಗೆಗೆ ಉಳಿದ ದಾರಿ ರೇಡಿಯೋ ಒಂದೇ. ಅದೂ ಮಗಳ ಊರಿಗೇ ಹೋದರೆ ಮಾತ್ರ ಕೇಳಿಸುವುದು, ಮನೆಯಲ್ಲಿ ಡಲ್ಲಾಸಿನದು ಬರೀ ಅಭ್ಯಾಸ.

ಆದರೆ ಆ ರೇಡಿಯೋ ನಮ್ಮ ಆಕಾಶವಾಣಿಯ ಹಾಗೆ ಕಿವಿ ಹಿಂಡಿದರೆ ಹಾಡುವಂಥದ್ದಲ್ಲ. ಟ್ರಂಕಿಂಗ್ ಅಂತೆ. ಹಾಗೆಂದರೇನು ಎಂದು ಕೇಳಿ ಕೆಟ್ಟೆ.

"ಮದುವಿ ಕಾರ್ಯಾಲಯ ಅಂತ ತಿಳೀರಿ. ಹತ್ತ ಖೋಲಿ, ಖೋಲಿ ಅಂದ್ರ ಚಾನೆಲ್, ಬಂದವ್ರು ನಲವತ್ತು ಮನಿಯವ್ರು. ಯಾವ ಖೋಲೀನೂ ಯಾರಿಗೂ ಸ್ವಂತ ಅಲ್ಲ. ಬಾಗಲದಾಗ ಒಬ್ಬ ಹಿರಿಯಾ ಕೂತಿರ್ತಾನ. ಸೀರಿ ಉಡಬೇಕು ಅಂತ ಬಂದವ್ರಿಗೆ 'ಮೂರನೇದು ಖಾಲಿ ಅದ, ಹೋಗ್ರಿ' ಅಂತಾನ. ಆ ಹಿರಿಯಾನ ಮಾತು ಕೇಳಿದವ್ರಿಗೆ ಯಾರು ಎಲ್ಲಿದ್ದಾರ ಅಂತ ಗೊತ್ತಾಗ್ತದ. ಈ ಡಬ್ಬಿ ಮಾಡೋದು ಅದನ್ನ."

"ಊಟದ ಹಾಲ್ ಯಾವ ಕಡೆ ಅತ್ತಿಗೆ?"

"ನಿಮಗ ಹೊಟ್ಟೀದ ಚಿಂತಿ!"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಅವರು ಅಲ್ಲಿಗೇ ಬಿಟ್ಟರು. ಆ ಡಬ್ಬಿಗೆ ತುಂಬಲು ಡಲ್ಲಾಸಿಗೆ ಒಂದು ಪಟ್ಟಿ, ಹ್ಯೂಸ್ಟನ್ನಿಗೆ ಒಂದು, ಆಸ್ಟಿನ್ನಿಗೆ ಒಂದು. ಪ್ರತಿ ಪಟ್ಟಿಯಲ್ಲೂ ನೂರಾರು ನಂಬರು, ಪ್ರತಿ ನಂಬರಿಗೂ ಒಂದು ಹೆಸರು. ಆ ಹೆಸರು ಪುಟ್ಟ ಪರದೆಯಲ್ಲಿ ಹಿಡಿಸಬೇಕು. ಇಲಾಖೆಗಳ ಉದ್ದುದ್ದ ಹೆಸರು ಹಿಡಿಸದೆ, ಅತ್ತಿಗೆ ನೆಂಟರ ಹೆಸರಿಟ್ಟರು. ಗದ್ದಲ ಮಾಡಿಕೊಂಡು ಬರುವ ಫೈರ್ ಎಂಜಿನ್ ದೊಡ್ಡಪ್ಪ. ಯಾರಿಗೆ ಮೈ ಸರಿಯಿಲ್ಲದಿದ್ದರೂ ಓಡಿಬರುವ ಆಂಬುಲೆನ್ಸ್ ಸೋದರತ್ತೆ. ಬೀದಿನಾಯಿ ಹಿಡಿಯುವವರು ಯಾರು ಗೊತ್ತೇ? ಪರದೆಯ ಮೇಲೆ "ಮೈದುನ" ಎಂದು ಮೂಡಿದಾಗ ನಾನೇ ಓದಿದೆ!

ಕಲಿತ ವಿದ್ಯೆಯನ್ನು ಪರೀಕ್ಷಿಸಬೇಕಲ್ಲ. ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ನಲ್ಲಿ ನೆಂಟರ ಮನೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಹ್ಯೂಸ್ಟನ್ ಪಟ್ಟಿ ಹಾಕಿಕೊಂಡು ಅತ್ತಿಗೆ ನನ್ನ ಕಾರಿನಲ್ಲೇ ಕೂತರು, ನಾನು ಪ್ರಸಾದವನ್ನು ಅಲ್ಲಿಗೇ ಸಾಗಿಸಿದೆ. ಜನ ಹೊರಡುವ ಹೊತ್ತಿಗೆ ಅತ್ತಿಗೆ ಓಡಿಬಂದು ಬಾಗಿಲಿಗೆ ಅಡ್ಡ ನಿಂತರು. "ಯಾರೂ ಹೋಗಬ್ಯಾಡ್ರಿ, ಹೈವೇದಾಗ ಲಾರಿ ಮಗಚೇದ!" ಡಾಕ್ಟರ ಮಾತು, ಮೀರುವವರು ಯಾರು? ನಲವತ್ತು ಜನ ಮತ್ತೆ ಕೂತರು. ಪಾಪ, ಮನೆಯಾಕೆ ಮಡಿಸೀರೆಯಲ್ಲೇ ದೊಡ್ಡ ಪಾತ್ರೆ ಇಟ್ಟು ಉಪ್ಪಿಟ್ಟು ಕೆದಕಿದರು. ಮೂರು ಗಂಟೆ ಕಳೆದು ಹೊರಟರೆ, ಲಾರಿ ಮಗುಚಿದ್ದು ಎದುರು ದಿಕ್ಕಿನ ರಸ್ತೆಯಲ್ಲಿ! ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ.

ಅದಾದ ಮೇಲೆ ಆಸ್ಟಿನ್ ಸರದಿ. ಹದಿನೈದು ದಿನಕ್ಕೊಮ್ಮೆ, ಮಗಳಿಗೆ ಡ್ಯೂಟಿ ಇರುವ ಶನಿವಾರ, ಮೂರು ಗಂಟೆ ಡ್ರೈವ್ ಮಾಡಿ ಹೋಗುವುದು, ಮಗಳ ಊರಿನ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ಕಾರು ನಿಲ್ಲಿಸುವುದು, ಚಪಾತಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾ ರೇಡಿಯೋ ಕೇಳುವುದು, ಮೂರು ಗಂಟೆ ವಾಪಸ್ ಬರುವುದು. ನನ್ನ ಸೊಂಟ ನನ್ನದಾಗಿ ಉಳಿದಿಲ್ಲ. ರೇಡಿಯೋದಲ್ಲಿ ಮಗಳು ಹೇಳುವುದಾದರೂ ಏನು? ಒಂದು ವಿಳಾಸ, ಒಂದು ನಂಬರು, ಕೇಳಿಸಿತು ಎನ್ನಲು ಒಂದು "ಕಾಪಿ." ಅಷ್ಟರಲ್ಲೇ ಅತ್ತಿಗೆಗೆ ಎಲ್ಲ ತಿಳಿಯುತ್ತದೆ. "ನೆಗಡಿ ಆಗೇದ ಆಕಿಗೆ." ಬೇರೆ ದನಿ ಬಂದರೆ, "ಊಟಕ್ಕ ಎದ್ದಳು."

"ಇಷ್ಟು ದೂರ ಬಂದಿದ್ದೀವಿ, ಬಾಗಿಲು ತಟ್ಟೋಣ ಅತ್ತಿಗೆ" ಎಂದು ಪ್ರತಿ ಸಲವೂ ಕೇಳುತ್ತೇನೆ.

"ಬ್ಯಾಡ್ರಿ. ಆಕಿ ಬಾ ಅಂದಿಲ್ಲ."

ಹೋದ ತಿಂಗಳು ಆ ಊರಿನವರು ತಮ್ಮ ರೇಡಿಯೋಗೆ ಗೂಢಲಿಪಿಯ ಬೀಗ ಹಾಕುವ ಸುದ್ದಿ ಬಂತು. ಬರುವ ಸೋಮವಾರದಿಂದ ಯಾವ ಸ್ಕ್ಯಾನರಿಗೂ ಏನೂ ಕೇಳಿಸುವುದಿಲ್ಲವಂತೆ. ದೇವರು ಕಣ್ಣು ಬಿಟ್ಟ ಎಂದು ನನ್ನ ಸೊಂಟ ಹಿಗ್ಗಿದ್ದು ನಿಜ. ಆದರೆ ಕೊನೆಯ ಶನಿವಾರ ಕಾರು ಹತ್ತಿದ ಅತ್ತಿಗೆಯ ಮುಖ ನೋಡಿ ನನಗೆ ನಾಚಿಕೆಯಾಯಿತು.

ಮಧ್ಯಾಹ್ನ ಒಂದು ಗಂಟೆ ಇರಬೇಕು. ಉಸಿರು ನಿಂತ ಯಾರದೋ ಮನೆಗೆ ಮಗಳು ಆಂಬುಲೆನ್ಸ್ ಕಳಿಸಿದಳು. ಅರ್ಧ ಗಂಟೆಯ ಮೇಲೆ ಅಲ್ಲಿಗೆ ಹೋದವರು ಎರಡೇ ಮಾತಿನಲ್ಲಿ, ಇನ್ನು ಆಸ್ಪತ್ರೆ ಬೇಕಾಗಿಲ್ಲ ಎಂದು ತಿಳಿಸಿದರು. ತಕ್ಷಣ "ಕಾಪಿ" ಬರಬೇಕು. ಬರಲಿಲ್ಲ. ನಾನು ಚಪಾತಿ ಕೆಳಗಿಟ್ಟೆ. ಬಹಳ ಹೊತ್ತಿನ ಮೇಲೆ ಬಂತು, ಸಣ್ಣಗೆ. ಅದರ ಹಿಂದೆಯೇ ಬೇರೆ ದನಿ ಕೆಲಸ ವಹಿಸಿಕೊಂಡಿತು.

"ಎದ್ದು ಹೋದ್ಲು" ಎಂದರು ಅತ್ತಿಗೆ. "ನಾನೂ ಹಿಂಗ ಹೋಗ್ತಿದ್ದೆ. ಆಪರೇಷನ್ ಟೇಬಲ್ ಮ್ಯಾಲೆ ಪೇಷಂಟ್ ಹೋದ ದಿವಸ ಬಾತ್‌ರೂಮಿನಾಗ ನಿಂತು ಅಳ್ತಿದ್ದೆ. ಯಾರಿಗೂ ಹೇಳಿಲ್ಲ. ನನಗ್ಯಾಕ ತಿಳೀಲಿಲ್ಲರಿ, ಆಕಿದೂ ಅದ ಕೆಲಸ ಅಂತ?"

ಅವರು ಫೋನ್ ತೆಗೆದು ಮಗಳಿಗೆ ಹಚ್ಚಿದರು, ಸ್ಪೀಕರಿನಲ್ಲಿ. ಎರಡು ವರ್ಷದಿಂದ ಎತ್ತದ ಫೋನನ್ನು ಮಗಳು ನಾಲ್ಕನೇ ರಿಂಗಿಗೆ ಎತ್ತಿದಳು.

"ಅಮ್ಮಾ?"

ಮಾತಿನ ಮಲ್ಲಿ ನಮ್ಮ ಅತ್ತಿಗೆ. ಅವರ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. ನಾನು ರೇಡಿಯೋದ ಸದ್ದು ಇಳಿಸಿದೆ.

"ಅಮ್ಮಾ, ಆರ್ ಯು ಓಕೆ? ಅಮ್ಮಾ?" ಮಗಳ ದನಿ ಒಂದು ಕ್ಷಣ ಗಾಬರಿಗೊಂಡಿತು. ಆಮೇಲೆ ನಿಧಾನವಾಯಿತು, ಮಾತಾಡಲಾಗದ ಅಪರಿಚಿತರ ಜೊತೆ ದಿನವೂ ಮಾತಾಡಿ ಪಳಗಿದ ನಿಧಾನ. ಅಮ್ಮ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು: "ಅಮ್ಮಾ, ಮಾತಾಡ್ಲಿಕ್ಕೆ ಆಗ್ತಿಲ್ಲ ಅಂದ್ರ... ಒಂದು ಬಟನ್ ಒತ್ತು. ಯಾವುದಾದ್ರೂ."

ಅತ್ತಿಗೆ ಕಣ್ಣು ಕಾಣದೆ ಒಂದನ್ನು ಒತ್ತಿದರು. ಮತ್ತೊಂದನ್ನು ಒತ್ತಿದರು. ಬೆರಳಿಗೆ ಸಿಕ್ಕಿದ್ದನ್ನೆಲ್ಲ ಒತ್ತುತ್ತಲೇ ಹೋದರು.

"ಓಕೆ ಅಮ್ಮಾ. ಕೇಳಿಸ್ತು" ಎಂದಳು ಮಗಳು. "ಫೋನ್ ಇಡಬ್ಯಾಡ. ನಾ ಇಲ್ಲೇ ಇದ್ದೀನಿ."